ಭಾವನ ಸೈಕಲ್ಲಿಗೊಂದು ಹಬ್ಬು

ಮೊಳಕಾಲ್ಮೂರಿನ ನಮ್ಮ ಭಾವನಷ್ಟು ಬೇಗ ತೀರ್ಮಾನಕ್ಕೆ ಬರುವ ಮನುಷ್ಯರನ್ನು ನಾನು ಕಂಡಿಲ್ಲ. ಹೀಗೆ ಬರೆದಿದ್ದೇನೆಂದು ಗೊತ್ತಾದರೆ ನಮ್ಮಕ್ಕ ಈ ಹಾಳೆಯನ್ನು ಒಲೆಗೆ ಹಾಕುತ್ತಾಳೆ. ಆದರೂ ಅದು ನಿಜ! ಭಾವನದು ರೇಷ್ಮೆ ಸೀರೆಯ ವ್ಯಾಪಾರ. ಮಗ್ಗದಿಂದ ಇಳಿದ ಸೀರೆಯ ಮೇಲೆ ಒಮ್ಮೆ ಬೆರಳಾಡಿಸಿ, “ಸೆರಗಿನತ್ರ ಎರಡೆಳೆ ಸಡ್ಲ ಐತೆ, ತಗೊಂಡೋಗು” ಎನ್ನಲು ಅವರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಮೂವರು ಹೆಣ್ಣುಮಕ್ಕಳಿಗೆ ಮೂರೇ ಮಧ್ಯಾಹ್ನಗಳಲ್ಲಿ ಗಂಡು ಗೊತ್ತು ಮಾಡಿದರು. ಈಗಿರುವ ಮನೆಯ ನಿವೇಶನವನ್ನು ಬಸ್ಸಿನ ಕಿಟಕಿಯಿಂದ ನೋಡಿಯೇ ಒಪ್ಪಿದರು. ಬಸ್ಸು ನಿಂತಿರಲೂ ಇಲ್ಲ!

ಇಂಥ ಮನುಷ್ಯ ಒಂದು ಹಳೇ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಹಬ್ಬು ಆರಿಸಲು ಎರಡು ವರ್ಷ ತೆಗೆದುಕೊಂಡರು. ಎರಡು ವರ್ಷ! ಅಷ್ಟರಲ್ಲಿ ದೆಹಲಿಯಲ್ಲಿ ಸರ್ಕಾರಗಳೇ ಬಂದು ಹೋದವು.

ಹಬ್ಬು ಎಂದರೇನು ಎಂದು ಕೇಳುವ ಪುಣ್ಯವಂತರೂ ಇರಬಹುದು. ಚಕ್ರದ ನಟ್ಟನಡುವೆ, ಕಡ್ಡಿಗಳೆಲ್ಲ ಬಂದು ಸೇರುವ ಉರುಟು ಗುಂಬವಿದೆಯಲ್ಲ, ಅದೇ ಹಬ್ಬು. ನೀವು ನಾನು ತುಳಿಯುವ ಸೈಕಲ್ಲಿನಲ್ಲಿ ಅದರ ಹೊಟ್ಟೆ ಖಾಲಿ. ಭಾವನಿಗೆ ಬೇಕಾಗಿದ್ದದ್ದು ಹೊಟ್ಟೆಯೊಳಗೆ ಗೇರುಗಳನ್ನು ಬಚ್ಚಿಟ್ಟುಕೊಂಡ ಹಬ್ಬು.

ಆದರೆ ಮೊದಲು ಸೈಕಲ್ಲಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಅದಕ್ಕೆ ಅವಮಾನ ಮಾಡಿದಂತೆ. ಅದು ಭಾವನ ತಂದೆಯ ಕಾಲದ್ದು. ಇಂಗ್ಲೆಂಡಿನಲ್ಲಿ ಹುಟ್ಟಿ, ಹಡಗಿನಲ್ಲಿ ಮದರಾಸಿಗೆ ಇಳಿದು, ರೈಲು ಹತ್ತಿ ಬಳ್ಳಾರಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಮೊಳಕಾಲ್ಮೂರು ಸೇರಿದ್ದು. ತನ್ನ ಮೇಲೆ ಯಾರಾದರೂ ಹತ್ತುವ ಮೊದಲು ತಾನೇ ಎಲ್ಲ ವಾಹನಗಳನ್ನೂ ಹತ್ತಿ ನೋಡಿದ ಸೈಕಲ್ಲು! ಕಪ್ಪು ಮೈ, ಕಂಬಿ ಬ್ರೇಕು, ಮುದಿ ಎಮ್ಮೆಯ ಬೆನ್ನಿನಂಥ ಚರ್ಮದ ಸೀಟು. ತೂಕದ ಮಾತು ಬೇಡ. ಭಾವ ಅದನ್ನು ತಂದಾಗಲೆಲ್ಲ ನಮ್ಮ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಎತ್ತಿ ಒಳಗಿಡಲು ಇಬ್ಬರು ಹಮಾಲರು ಬೇಕಾಗುತ್ತಿತ್ತು. ಪ್ರತಿ ಸೋಮವಾರ ಅದಕ್ಕೆ ಸ್ನಾನ. ಆಮೇಲೆ ಕೀಲುಕೀಲಿಗೆ ಎಣ್ಣೆ. ಕೊನೆಗೆ ಮುಂದಿನ ಮಡ್‌ಗಾರ್ಡಿನ ಮೇಲೆ ಮೂರು ಬೆರಳು ವಿಭೂತಿ.

“ನನಗೆ ಮೈಕೈ ನೋವು ಅಂದ್ರೆ ಒಂದಿನ ಎಣ್ಣೆ ಹಚ್ಚಿದ ಮನುಷ್ಯ ಅಲ್ಲ, ಅದಕ್ಕೆ ವಾರ ವಾರ ಅಭ್ಯಂಜನ!” ಎಂದು ಅಕ್ಕ ನನ್ನ ಮುಂದೆ ದೂರುತ್ತಿದ್ದಳು.

“ನೀನು ಕಿರ್ ಅಂತೀಯ, ಅದು ಅನ್ನಲ್ಲ,” ಎಂದು ಭಾವ ಒಳಗಿನಿಂದಲೇ ಉತ್ತರ ಕೊಡುತ್ತಿದ್ದರು. ಆ ದಿನ ಅವರಿಗೆ ಮಧ್ಯಾಹ್ನದ ಊಟ ಸ್ವಲ್ಪ ತಡವಾಗುತ್ತಿತ್ತು.

ಇಷ್ಟು ಚೆನ್ನಾಗಿದ್ದ ಸಂಸಾರದೊಳಗೆ ಗೇರಿನ ಆಸೆ ಹೇಗೆ ಹೊಕ್ಕಿತು ಎಂದರೆ, ಅದಕ್ಕೆ ಕಾರಣ ಒಬ್ಬ ಮೇಕೆ ಕಾಯುವ ಅಜ್ಜಿ.

ಮೊಳಕಾಲ್ಮೂರಿನಲ್ಲಿ ದೇವರು ನೆಲಕ್ಕಿಂತ ಬಂಡೆಯನ್ನೇ ಹೆಚ್ಚು ಹಂಚಿದ್ದಾನೆ. ಭಾವ ದಿನಾ ಹೋಗಬೇಕಾದ ನೇಕಾರರ ಮನೆಗಳು ಒಂದು ಏರಿನ ಮೇಲಿದ್ದವು. ಪ್ರಾಯದಲ್ಲಿ ಆ ಏರನ್ನು ಅವರು ಎದ್ದು ನಿಂತು ತುಳಿದು ಹತ್ತುತ್ತಿದ್ದರಂತೆ. ನೋಡಿದವರು ಯಾರೂ ಈಗ ಉಳಿದಿಲ್ಲ. ಐವತ್ತೈದು ದಾಟಿದ ಮೇಲೆ ಅರ್ಧಕ್ಕೇ ಇಳಿದು ತಳ್ಳತೊಡಗಿದರು. ಹೀಗೆ ಒಂದು ಬೆಳಿಗ್ಗೆ ತಳ್ಳುತ್ತಿದ್ದಾಗ, ತಲೆಯ ಮೇಲೆ ಸೌದೆ ಹೊರೆ ಹೊತ್ತ ಅಜ್ಜಿಯೊಬ್ಬಳು ಏಳೆಂಟು ಮೇಕೆಗಳೊಂದಿಗೆ ಅವರನ್ನು ಹಿಂದೆ ಹಾಕಿ ಮುಂದೆ ಹೋದಳು. ಹೋದವಳು ಸುಮ್ಮನೆ ಹೋಗಬಾರದೆ? ನಿಂತು, ತಿರುಗಿ ನೋಡಿ, “ಏಮಿ ಸಾವ್ಕಾರಾ, ಗಾಡಿಗೆ ಕಾಲು ನೋವಾ? ಕಾವಾಲಂಟೆ ನನ್ನ ಹೋತದ ಮ್ಯಾಲೆ ಹಾಕ್ಲಾ?” ಎಂದು ಅರ್ಧ ತೆಲುಗಿನಲ್ಲಿ ಕೇಳಿದಳು.

ಮೇಕೆಗಳು ಕೂಡ ನಕ್ಕವು ಎಂದು ಭಾವ ಇಂದಿಗೂ ಹೇಳುತ್ತಾರೆ.

ಅವತ್ತಿನಿಂದ ಆ ಏರು ಅವರ ವೈರಿಯಾಯಿತು. ಮೊಪೆಡ್ ಕೊಳ್ಳಿ ಎಂದು ಅಳಿಯಂದಿರು ಹೇಳಿ ನೋಡಿದರು. “ಹೋಗೋದು ಹತ್ತು ಹೆಜ್ಜೆ, ಕೂಗೋದು ಹತ್ತೂರಿಗೆ. ಅಂಥ ಗಾಡಿ ಮನೆಗೆ ಬೇಡ,” ಎಂದರು. ಆಗತಾನೇ ಬಂದಿದ್ದ, ಹಿಂದಿನ ಚಕ್ರದ ಪಕ್ಕದಲ್ಲಿ ಹಲ್ಲುಗಾಲಿಗಳ ಗೊಂಚಲಿರುವ ಗೇರ್ ಸೈಕಲ್ಲನ್ನು ನಾನೇ ತೋರಿಸಿದೆ. ಅದರ ಜೋಲು ಚೈನನ್ನು ಅವರು ಬಗ್ಗಿ ನೋಡಿ ಮುಖ ಕಿವುಚಿದರು.

“ಥೂ! ಇದಕ್ಕೆ ಕರುಳು ಆಚೆ ಬಿದ್ದೈತಲ್ಲೋ! ಏನೇ ಇದ್ರೂ ಹೊಟ್ಟೆ ಒಳಗಿರಬೇಕಪ್ಪ. ಮನುಷ್ಯರಿಗೂ ಅಷ್ಟೆ, ಸೈಕಲ್ಲಿಗೂ ಅಷ್ಟೆ.”

ಹೊಟ್ಟೆಯೊಳಗೇ ಗೇರು ಇರುವ ಹಬ್ಬು ಉಂಟು ಎಂದು ಅವರ ಕಿವಿಗೆ ಹಾಕಿದವರು ಚಳ್ಳಕೆರೆಯ ಖಾದರ್ ಸಾಬರು. ನಮ್ಮ ಮಿಲ್ಲಿನ ಹಿಂದಿನ ಬೀದಿಯಲ್ಲಿ, ಬೇವಿನ ಮರದ ಕೆಳಗೆ ಅವರ ಸೈಕಲ್ ಶಾಪು. ಎಪ್ಪತ್ತರ ಆಸುಪಾಸು ವಯಸ್ಸು, ಕಡ್ಡಿಯಂಥ ಮೈ, ಕಡ್ಡಿ ಮುರಿದಂಥ ಮಾತು. ಹುಡುಗರಾಗಿದ್ದಾಗ ಬಳ್ಳಾರಿಯಲ್ಲಿ ಬಿಳಿ ದೊರೆಗಳ ಸೈಕಲ್ಲು ಬಿಚ್ಚಿ ಕಲಿತವರು. ಭಾವನ ತಂದೆಯ ಕಾಲದಿಂದಲೂ ಆ ಸೈಕಲ್ಲಿನ ನಟ್ಟಿಗೆ ಪಾನ ಹಚ್ಚುವ ಅಧಿಕಾರ ಅವರೊಬ್ಬರಿಗೇ. ಮೊಳಕಾಲ್ಮೂರಿನಲ್ಲಿ ನಾಲ್ಕು ಸೈಕಲ್ ಶಾಪುಗಳಿದ್ದರೂ ಭಾವ ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿಕೊಂಡು ಚಳ್ಳಕೆರೆಗೇ ಬರುತ್ತಿದ್ದರು.

ಆ ಬಸ್ ಪ್ರಯಾಣವೂ ಒಂದು ವೈಭವ. ನೆರಳು ಬೀಳುವ ಬದಿಯ ಕಿಟಕಿಯೇ ಅವರಿಗೆ ಬೇಕು. ಯಾಕೆ ಗೊತ್ತೆ? ರಸ್ತೆಯ ಪಕ್ಕದ ಹೊಲಗಳ ಮೇಲೆ ಬಸ್ಸಿನ ನೆರಳು ಓಡುತ್ತದಲ್ಲ, ಅದರ ತಲೆಯ ಮೇಲೆ ಸೈಕಲ್ಲಿನ ನೆರಳೂ ಕಾಣುತ್ತದೆ. ಅದು ಕಾಣುತ್ತಿದೆ ಎಂದರೆ ಸೈಕಲ್ಲು ಮೇಲಿದೆ ಎಂದರ್ಥ! ದಾರಿಯುದ್ದಕ್ಕೂ ರೆಪ್ಪೆ ಹೊಡೆಯದೆ ಕಾವಲು. ಒಮ್ಮೆ ಬಸ್ಸು ಕೆಟ್ಟು, ಹೊರಡುವಾಗ ನಡುಮಧ್ಯಾಹ್ನವಾಗಿತ್ತು. ನೆರಳು ಬಸ್ಸಿನಡಿಗೆ ಸೇರಿಕೊಂಡಿತು. “ನಿಲ್ಸ್ರಿ! ಸೈಕಲ್ ಬಿತ್ತು!” ಎಂದು ಭಾವ ಕೂಗಿದ ರಭಸಕ್ಕೆ ಡ್ರೈವರು ಬ್ರೇಕು ಒತ್ತಿ, ಹಿಂದಿನ ಸೀಟಿನಲ್ಲಿದ್ದ ಕುಂಬಳಕಾಯಿಗಳೆಲ್ಲ ಡ್ರೈವರನ್ನು ಮಾತಾಡಿಸಲು ಮುಂದೆ ಬಂದವು. ಕಂಡಕ್ಟರು ಏಣಿ ಹತ್ತಿ ನೋಡಿ ಬಂದು, “ಐತೆ ಸ್ವಾಮಿ, ಮಲಗೈತೆ. ನೀವೂ ಹೋಗಿ ಪಕ್ಕದಾಗೆ ಮಲಗ್ರಿ,” ಎಂದ.

ಇರಲಿ. ಏರಿನ ಅವಮಾನವನ್ನು ಭಾವ ಖಾದರ್ ಸಾಬರ ಮುಂದೆ ತೋಡಿಕೊಂಡರು. ಸಾಬರು ನಮ್ಮ ಮಿಲ್ಲಿನಿಂದ ಒಂದು ಹಿಡಿ ಕಡ್ಲೆಕಾಯಿ ತರಿಸಿ ಕಟ್ಟೆಯ ಮೇಲೆ ಇಟ್ಟರು. ದಪ್ಪದೊಂದು ನಡುವೆ, ಸಣ್ಣವು ನಾಲ್ಕು ಸುತ್ತ.

“ನೋಡ್ರಿ ಸಾವ್ಕಾರ್ರೆ. ನಡುವಿಂದು ಸೂರ್ಯ. ಸುತ್ತ ತಿರುಗೋವು ಗ್ರಹ. ಹಬ್ಬಿನ ಹೊಟ್ಟೇಲಿ ಹಿಂಗೆ ಹಲ್ಲುಗಾಲಿ ಇರ್ತಾವೆ. ಏರಿಗೆ ಒಂದು ಗೇರು, ಸಪಾಟಿಗೆ ಒಂದು, ಗಾಳಿ ಬೆನ್ನಿಗಿದ್ರೆ ಒಂದು. ಖಾಲಿ ಬೆರಳಲ್ಲಿ ಒತ್ತಿದ್ರೆ ಸಾಕು.”

ಭಾವ ಕಡ್ಲೆಕಾಯಿ ಎಣಿಸಿದರು. “ಐದೇ ಐತಲ್ಲ ಸಾಬ್ರೆ? ಗ್ರಹ ಅಂದ್ರೆ ಒಂಬತ್ತಿರಬೇಕಲ್ಲ?”

“ಬಾಕಿ ನಾಲ್ಕು ರಜಾ ಮ್ಯಾಲೆ ಹೋಗವೆ.”

“ಶನಿ ಇಲ್ಲ ತಾನೇ ಇದರಾಗೆ?”

“ಇಲ್ಲ,” ಎಂದು ಸಾಬರು ಭಾವನನ್ನು ಮೇಲಿಂದ ಕೆಳಗೆ ನೋಡಿದರು. “ಶನಿ ಆಚೇನೇ ನಿಂತೈತೆ.”

ನಾನು ಸೂರ್ಯನನ್ನು ಬಾಯಿಗೆ ಹಾಕಿಕೊಂಡು ನಗು ತಡೆದೆ.

ಹೀಗೆ ಶುರುವಾಯಿತು ಹಬ್ಬಿನ ಬೇಟೆ. ಭಾವ ಒಂದು ನೋಟ್‌ಬುಕ್ಕು ಮಾಡಿ ನನ್ನ ಕೈಗೆ ಕೊಟ್ಟರು. ಅವರು ಪರೀಕ್ಷೆ ಮಾಡುವುದು, ನಾನು ಬರೆದುಕೊಳ್ಳುವುದು. ಬಾಮೈದ ಎಂಬ ಪ್ರಾಣಿಯನ್ನು ದೇವರು ಮತ್ತೆ ಯಾತಕ್ಕೆ ಸೃಷ್ಟಿಸಿದ್ದಾನೆ?

ಮೊದಲನೆಯದು ಬಳ್ಳಾರಿಯ ಗುಜರಿಯಲ್ಲಿ ಸಿಕ್ಕಿದ ಎರಡು ಗೇರಿನ ಹಬ್ಬು. ಅದಕ್ಕೆ ತಂತಿ ಇಲ್ಲ, ಗುಂಡಿ ಇಲ್ಲ. ಪೆಡಲ್ಲನ್ನು ಸ್ವಲ್ಪ ಹಿಂದಕ್ಕೆ ತುಳಿದರೆ ಗೇರು ಬದಲಾಗುತ್ತದೆ, ಜೋರಾಗಿ ತುಳಿದರೆ ಬ್ರೇಕು ಬೀಳುತ್ತದೆ. ಸಾಬರು ಅದನ್ನು ತಮ್ಮ ಬಾಡಿಗೆ ಸೈಕಲ್ಲೊಂದಕ್ಕೆ ಕೂಡಿಸಿ ಕೊಟ್ಟರು. ಯಾವ ಕುಂದೂ ಇಲ್ಲದ ಹಬ್ಬು ಅದು. ಕುಂದಿದ್ದದ್ದು ಭಾವನಲ್ಲಿ. ಯಾರಿಗಾದರೂ ಶರಣು ಹೇಳುವಾಗ ಪೆಡಲ್ಲನ್ನು ಹಿಂದಕ್ಕೆ ಒಂದು ಸುತ್ತು ತುಳಿಯುವುದು ಅವರಿಗೆ ಹುಟ್ಟುಗುಣ. ಅದು ಅವರ ಮರ್ಯಾದೆಯ ಲಕ್ಷಣ. ಚಳ್ಳಕೆರೆಯಲ್ಲಿ ಅವರಿಗೆ ಪರಿಚಯದವರು ಒಬ್ಬರೇ ಇಬ್ಬರೇ? “ಶರಣು ಗೌಡ್ರೇ!” ಎಂದರೆ ಸೈಕಲ್ಲು ಗಕ್ಕನೆ ನಿಂತಿತು. “ಶರಣು ಮೇಷ್ಟ್ರೇ!” ಎಂದರೆ ಮತ್ತೆ ಗಕ್ಕನೆ ನಿಂತಿತು. ನಮ್ಮ ಮಿಲ್ಲಿನ ಗೇಟಿನ ಹತ್ತಿರ ನಮ್ಮ ತಂದೆಯವರೇ ಎದುರಾದರು. ಮಾವನವರಿಗೆ ಸಲ್ಲಬೇಕಾದ ಗೌರವ ಸ್ವಲ್ಪ ಹೆಚ್ಚಲ್ಲವೆ? ಆ ಹೆಚ್ಚಿನ ಗೌರವಕ್ಕೆ ಸೈಕಲ್ಲು ಅಲ್ಲೇ ನಿಂತಿತು, ಭಾವ ಮಾತ್ರ ಮುಂದೆ ಹೋಗಿ ಕಡ್ಲೆಕಾಯಿ ಸಿಪ್ಪೆಯ ರಾಶಿಯೊಳಗೆ ಸೊಂಟದವರೆಗೆ ಇಳಿದರು.

ನಾನು ಓಡಿದೆ. ಸಿಪ್ಪೆಯೊಳಗಿಂದ ದನಿ ಬಂತು: “ಬರ್ಕೊಳ್ಳೋ. ಇದು ಬೇಡ.”

ಎರಡನೆಯದು ಮೂರು ಗೇರಿನದು. ರಾಂಪುರದಲ್ಲಿ ತೀರಿಹೋದ ಮೇಷ್ಟರೊಬ್ಬರ ಹಳೇ ಸೈಕಲ್ಲಿನಲ್ಲಿ ಅದು ಇದೆ ಎಂದು ಸಾಬರಿಗೆ ನೆನಪಿತ್ತು. ಭಾವ, ನಾನು ಇಬ್ಬರೂ ಹೋದೆವು. ಮೇಷ್ಟರ ಹೆಂಡತಿ ಒಳ್ಳೆಯವರು. ಸೈಕಲ್ಲು ದನದ ಕೊಟ್ಟಿಗೆಯಲ್ಲಿದೆ, ಬೇಕಾದರೆ ಹಬ್ಬು ಬಿಚ್ಚಿಕೊಳ್ಳಿ ಎಂದರು. ಹೋಗಿ ನೋಡಿದರೆ ಸೈಕಲ್ಲು ಗೋಡೆಗೆ ಒರಗಿದೆ, ಕ್ಯಾರಿಯರಿಗೆ ಬುಟ್ಟಿ ಕಟ್ಟಿದೆ, ಬುಟ್ಟಿಯಲ್ಲಿ ಕೋಳಿ ಕೂತಿದೆ. ನಮ್ಮನ್ನು ನೋಡಿದ ಕೂಡಲೇ ಕತ್ತಿನ ಪುಕ್ಕವನ್ನೆಲ್ಲ ಎಬ್ಬಿಸಿತು.

“ಅಯ್ಯೋ, ಕಾವಿಗೆ ಕೂತೈತೆ ಕಣಪ್ಪ! ನಾಲ್ಕು ದಿನ ಆತು ಅಷ್ಟೆ. ಮರಿ ಆಗೋತಂಕ ಸೈಕಲ್ ಅಲ್ಲಾಡಿಸಬ್ಯಾಡ್ರಿ,” ಎಂದರು ಆಕೆ.

ಬೇರೆ ಯಾರಾದರೂ ಆಗಿದ್ದರೆ ಬುಟ್ಟಿಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಡುತ್ತಿದ್ದರು. ಭಾವ ನೋಟ್‌ಬುಕ್ಕಿನಲ್ಲಿ ದಿನ ಎಣಿಸಿದರು. ಎರಡು ದಿನಕ್ಕೊಮ್ಮೆ ರಾಂಪುರಕ್ಕೆ ಹೋಗಿ ಕೋಳಿಯ ಆರೋಗ್ಯ ವಿಚಾರಿಸಿದರು. ಹೋಗುವಾಗ ಜೋಳ ಒಯ್ದರು. ಮುಟ್ಟಿದರೆ ಮೈಲಿಗೆ ಎಂದು ಮೊಟ್ಟೆಯ ಹೆಸರನ್ನೂ ಎತ್ತದ ಮನೆತನದ ಸಾವುಕಾರರು, ಒಂಬತ್ತು ಮರಿ ಒಡೆದ ದಿನ ಎಸ್‌ಟಿಡಿ ಬೂತಿನಿಂದ ನನಗೆ ಫೋನು ಮಾಡಿ, “ಲೇ, ತಾಯಿ ಮಕ್ಕಳು ಕ್ಷೇಮ!” ಎಂದರು. ಫೋನು ಎತ್ತಿದ್ದ ನಮ್ಮ ತಂದೆ, ಯಾವ ಮೊಮ್ಮಗಳು ಹೆತ್ತಳೋ ಎಂದು ಗಾಬರಿಯಾಗಿ ಬೆಲ್ಲ ಹಂಚಲು ಹೊರಟಿದ್ದರು.

ಬಂದ ಹಬ್ಬು ತುಕ್ಕು ಹಿಡಿದಿತ್ತು. ಎಣ್ಣೆಯಲ್ಲಿ ನೆನೆಸಿಡಿ ಎಂದಿದ್ದರು ಸಾಬರು. ಯಾವ ಎಣ್ಣೆ ಎಂದು ಅವರು ಹೇಳಲಿಲ್ಲ, ಭಾವ ಕೇಳಲಿಲ್ಲ. ಎಣ್ಣೆ ಮಿಲ್ಲಿನವರ ಅಳಿಯ ಯಾಕೆ ಕೇಳಬೇಕು? ಅಕ್ಕನ ಅಡುಗೆಮನೆಯಿಂದ ಒಂದು ಬೋಗುಣಿ ಕಡ್ಲೆಕಾಯಿ ಎಣ್ಣೆ ತಂದು ಹಬ್ಬನ್ನು ಅದರೊಳಗೆ ಮುಳುಗಿಸಿ ಅಟ್ಟದ ಮೇಲಿಟ್ಟು ಮರೆತರು. ತಿಂಗಳ ಮೇಲೆ ತೆಗೆದರೆ ಎಣ್ಣೆ ಅಂಟಾಗಿ, ಅಂಟು ಗಟ್ಟಿಯಾಗಿ, ಊರಿನ ಇರುವೆಗಳೆಲ್ಲ ಅಲ್ಲಿ ಸಂಸಾರ ಹೂಡಿದ್ದವು. ಸಾಬರು ಮೂಸಿ ನೋಡಿ ಹಣೆ ಹಣೆ ಚಚ್ಚಿಕೊಂಡರು.

“ಅರೆ ಸಾವ್ಕಾರ್ರೆ! ಹಬ್ಬು ನೆನೆಸ್ರಿ ಅಂದ್ರೆ ಬೋಂಡ ಕರಿಯಾಕೆ ಹೊಂಟಿದ್ರಲ್ರಿ!”

“ಊರಿಗೆಲ್ಲಾ ವರ್ಷಕ್ಕೊಂದು ಉಗಾದಿ ಹಬ್ಬ,” ಎಂದಳು ಅಕ್ಕ. “ನಮ್ಮನೇಲಿ ದಿನಾ ಹಬ್ಬು.”

ಮೂರನೆಯದೇ ಮಹಾಮಾಯೆ. ಮುಂಬಯಿಯಿಂದ ಸೀರೆ ಕೊಳ್ಳಲು ಬರುತ್ತಿದ್ದ ಗಿರಾಕಿಯೊಬ್ಬರು ಭಾವನ ಕಷ್ಟ ಕೇಳಿ, ಪರದೇಶದ ಹೊಚ್ಚ ಹೊಸ ಐದು ಗೇರಿನ ಹಬ್ಬನ್ನು ಉಡುಗೊರೆಯಾಗಿ ತಂದುಕೊಟ್ಟರು. ಕನ್ನಡಿಯಂಥ ಹೊಳಪು. ಭಾವ ಅದನ್ನು ರೇಷ್ಮೆ ತುಂಡಿನಲ್ಲಿ ಸುತ್ತಿ ಸೀರೆಯ ಕಪಾಟಿನಲ್ಲಿಟ್ಟರು. ಮದುವೆ ಸೀರೆ ನೋಡಲು ಬಂದ ಹೆಂಗಸರಿಗೂ ತೆಗೆದು ತೋರಿಸಿದರು. “ಇದರ ಅಂಚು ನೋಡ್ರಿ,” ಎಂದರು!

ಆದರೆ ಸೈಕಲ್ಲಿನ ಹಳೇ ರಿಮ್ಮಿಗೆ ನಲವತ್ತು ತೂತು. ಹೊಸ ಹಬ್ಬಿಗೆ ಮೂವತ್ತಾರು. ನಾಲ್ಕು ಕಡ್ಡಿ ಅನಾಥ! ಸಾಬರು ಸುದ್ದಿ ಹೇಳಿದಾಗ ಭಾವನ ಮುಖ ನೋಡಬೇಕಿತ್ತು.

“ಮೂವತ್ತಾರಕ್ಕೆ ಮೂವತ್ತಾರು ಗುಣ ಕೂಡಿದ್ರೂ ಮದುವೆ ಆಗಲ್ಲ ಅಂತೀರಲ್ಲ ಸಾಬ್ರೆ!”

“ಆಗ್ತೈತೆ. ರಿಮ್ಮು ಬದಲಾಯಿಸ್ರಿ.”

“ಅಪ್ಪಾರ ರಿಮ್ಮು...”

ಅಲ್ಲಿಗೆ ಗಾಡಿ ನಿಂತಿತು. ತಂದೆ ತುಳಿದ ರಿಮ್ಮು ಬಿಡಬೇಕೆ, ಐದು ಗೇರು ಬಿಡಬೇಕೆ? ಮೂರು ಸಾಕೆ, ಐದು ಬೇಕೆ? ಏರು ಒಂದೇ ಇರುವಾಗ ಐದು ಗೇರು ಯಾಕೆ? ಆದರೆ ಇರುವುದನ್ನು ಬೇಡ ಎನ್ನುವುದು ಹೇಗೆ? ನೋಟ್‌ಬುಕ್ಕು ತುಂಬಿತು, ಇನ್ನೊಂದು ಕೊಂಡೆವು. ಭಾವ ವಾರಕ್ಕೊಮ್ಮೆ ಚಳ್ಳಕೆರೆಗೆ ಬಂದು ಸಾಬರ ಮುಂದೆ ಎರಡು ಹಬ್ಬುಗಳನ್ನೂ ಇಟ್ಟುಕೊಂಡು ಕೂರುತ್ತಿದ್ದರು. ಬೇವಿನ ಮರ ಎರಡು ಸಲ ಹೂಬಿಟ್ಟಿತು. ಕೊನೆಗೆ ಒಂದು ದಿನ ದೊಡ್ಡ ನಿಟ್ಟುಸಿರು ಬಿಟ್ಟು, “ಐದರದೇ ಹಾಕ್ರಿ. ಅಪ್ಪಾರ ರಿಮ್ಮು ದೇವರ ಮನೇಲಿ ಇಡ್ತೀನಿ,” ಎಂದರು. ನಾನು ಅವತ್ತು ಮಿಲ್ಲಿನಲ್ಲಿ ಎಲ್ಲರಿಗೂ ಟೀ ಕೊಡಿಸಿದೆ.

ಸೈಕಲ್ಲು, ಹೊಸ ರಿಮ್ಮು, ಹೊಸ ಕಡ್ಡಿ ಎಲ್ಲವನ್ನೂ ಸಾಬರ ವಶಕ್ಕೆ ಕೊಟ್ಟಾಯಿತು. ಈಗ ಸಾಬರು ಶುರು ಮಾಡಿದರು! ಒಂದು ವಾರ ಕಡ್ಡಿ ಉದ್ದವಾಯಿತು ಎಂದರು. ಇನ್ನೊಂದು ವಾರ ಕನ್ನಡಕ ಒಡೆದಿದೆ ಎಂದರು. ಮೂರನೇ ವಾರ, “ಇವತ್ತು ಬ್ಯಾಡ್ರಿ, ಅಮಾಸೆ,” ಎಂದರು.

ಭಾವ ಹುಬ್ಬೇರಿಸಿದರು. “ಸಾಬ್ರೆ, ಅಮಾಸೆ ನಮಗಲ್ವಾ?”

“ಸೈಕಲ್ ನಿಮ್ದಲ್ವಾ?”

ನನಗೆ ತಡೆಯಲಾಗಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಹೊಸ ಶಾಪಿಗೆ ಕೊಟ್ಟುಬಿಡೋಣ ಎಂದು ಹೇಳಲು, ಒಂದು ಬೆಳಿಗ್ಗೆ ನಾನೊಬ್ಬನೇ ಸಾಬರ ಶಾಪಿಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಸಾಬರು ಗೋಣಿಚೀಲದ ಮೇಲೆ ಕೂತು ರಿಮ್ಮನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಸುತ್ತಲೂ ಕಡ್ಡಿಗಳು ಚೆಲ್ಲಿದ್ದವು. ಒಂದು ಕಡ್ಡಿಯ ತುದಿಗೆ ಅದರ ಪುಟ್ಟ ತಲೆಯನ್ನು ತಿರುಗಿಸಿ ಕೂರಿಸಲು ನೋಡುತ್ತಿದ್ದರು. ಬಲಗೈ ನಡುಗುತ್ತಿತ್ತು. ಕಡ್ಡಿ ಒಂದು ಕಡೆ ಹೋದರೆ ಬೆರಳು ಇನ್ನೊಂದು ಕಡೆ. ಎಡಗೈಯಿಂದ ಬಲಗೈಯನ್ನು ಹಿಡಿದರು. ಆಗ ಎರಡೂ ನಡುಗಿದವು. ಕಡ್ಡಿಯ ತಲೆ ಉರುಳಿ ನನ್ನ ಚಪ್ಪಲಿಯ ಹತ್ತಿರ ಬಂದು ನಿಂತಿತು.

ಸಾಬರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಬಗ್ಗಿ, ಉರುಳಿ ಬಂದದ್ದನ್ನು ಎತ್ತಿ ಅವರ ಅಂಗೈಗೆ ಹಾಕಿದೆ.

“ಆರು ತಿಂಗಳಾತು,” ಎಂದರು. “ಪಂಕ್ಚರ್ ಹಾಕ್ತೀನಿ, ಗಾಳಿ ಹೊಡಿತೀನಿ. ಇದು ಆಗ್ತಿಲ್ಲ. ಹೊಸ ಹಬ್ಬಿನ ಹೊಟ್ಟೇಲಿ ಏನೈತೋ ಅದೂ ನನಗೆ ಗೊತ್ತಿಲ್ಲ. ಹಳೇದಾದ್ರೆ ಕೈ ತಾನೇ ಹುಡುಕ್ಕೊಂತಿತ್ತು.” ಚೆಲ್ಲಿದ್ದ ಕಡ್ಡಿಗಳನ್ನು ಒಟ್ಟು ಮಾಡುತ್ತ, “ಸಾವ್ಕಾರ್ರಿಗೆ ಹೇಳ್ಬ್ಯಾಡ್ರಿ. ಬೇರೆ ಕಡೆ ಕೊಟ್ಬಿಡ್ತಾರೆ. ಐವತ್ತು ವರ್ಷದಿಂದ ಆ ಸೈಕಲ್ ಬೇರೆ ಕೈ ನೋಡಿಲ್ಲ,” ಎಂದರು.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮಿಲ್ಲಿಗೆ ಬಂದವನೇ ಮೊಳಕಾಲ್ಮೂರಿಗೆ ಫೋನು ಮಾಡಿ ಹೇಳಿದೆ. ಭಾವ ಅತ್ತ ಕಡೆಯಿಂದ “ಹೂಂ” ಎಂದಷ್ಟೇ ಹೇಳಿ ಫೋನು ಇಟ್ಟರು.

ಮರುದಿನ ಮೊದಲ ಬಸ್ಸಿಗೇ ಬಂದರು. ಕೈಯಲ್ಲಿ ಇರುವೆ ಹತ್ತಿದ್ದ ಆ ಮೂರು ಗೇರಿನ ಹಬ್ಬು. ನನ್ನನ್ನೂ ಎಳೆದುಕೊಂಡು ನೇರವಾಗಿ ಶಾಪಿಗೆ ಹೋದರು.

“ಸಾಬ್ರೆ, ನನ್ನ ಮನಸು ಬದಲಾತು.”

“ಯಾ ಅಲ್ಲಾ!” ಎಂದರು ಸಾಬರು.

“ಐದರದು ಬ್ಯಾಡ. ಮೂರರದೇ ಇರಲಿ. ಅಪ್ಪಾರ ರಿಮ್ಮಿಗೆ ಇದೇ ಸರಿ. ಇದರ ಒಳಗಿಂದು ನಿಮಗೆ ಕಣ್ಣು ಮುಚ್ಚಿದ್ರೂ ಗೊತ್ತಲ್ಲ?”

“ಗೊತ್ತು.”

“ಹಂಗಾದ್ರೆ ನೀವು ಹೇಳ್ರಿ, ನಾನು ಮಾಡ್ತೀನಿ. ಒಂದು ಚಕ್ರ ಕಟ್ಟೋದು ಕಲೀಬೇಕು ಅಂತ ಬಾಳ ದಿನದಿಂದ ಆಸೆ ಐತೆ. ಕಲಿಸ್ತೀರೋ ಇಲ್ವೋ?”

ಸಾಬರು ಭಾವನನ್ನು ನೋಡಲಿಲ್ಲ. ನನ್ನನ್ನು ನೋಡಿದರು. ನಾನು ಶಾಪಿನ ತಗಡಿನ ಸೂರಿನಲ್ಲಿ ಎಷ್ಟು ತೂತುಗಳಿವೆ ಎಂದು ಎಣಿಸತೊಡಗಿದೆ.

“ಪಂಚೆ ಹಾಳಾಗ್ತೈತೆ ಸಾವ್ಕಾರ್ರೆ,” ಎಂದರು ಕೊನೆಗೆ.

“ಆಗ್ಲಿ.” ಭಾವ ಗೋಣಿಚೀಲದ ಮೇಲೆ ಕೂತೇಬಿಟ್ಟರು. ಎರಡು ವರ್ಷದ ತೀರ್ಮಾನವನ್ನು ತಿರುಗಿಸಲು ಅವರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ.

ಆಮೇಲಿನ ಐದು ವಾರ ನಮ್ಮ ಬೀದಿಯವರಿಗೆ ಬೇರೆ ಮನರಂಜನೆ ಬೇಕಾಗಲಿಲ್ಲ. ಮಡಿಕೆ ಕೆಡದ ಬಿಳಿ ಪಂಚೆ ಉಟ್ಟು ಓಡಾಡಿದ ಸಾವುಕಾರರು ಸೀಮೆಎಣ್ಣೆಯ ತಟ್ಟೆಯಲ್ಲಿ ಮೊಣಕೈವರೆಗೆ ಅದ್ದಿಕೊಂಡು ಸತ್ತ ಇರುವೆಗಳನ್ನು ಹೆಕ್ಕುತ್ತಿದ್ದರು. ಹಬ್ಬಿನೊಳಗಿನ ಸಣ್ಣ ಗೋಲಿಗಳು ಉರುಳಿ ಹೋದರೆ, ಅವನ್ನು ಹುಡುಕಲು ನಾಲ್ಕು ಕಾಲಿನ ಮೇಲೆ ಬೇವಿನ ಮರವನ್ನು ಪ್ರದಕ್ಷಿಣೆ ಹಾಕುತ್ತಿದ್ದರು. “ಎಷ್ಟನೇ ಸುತ್ತು ಭಾವ?” ಎಂದು ಕೇಳಿದ ತಪ್ಪಿಗೆ ನನ್ನನ್ನೂ ನೆಲಕ್ಕೆ ಇಳಿಸಿದರು.

ಕಡ್ಡಿ ಕಟ್ಟುವ ಹೊತ್ತಿಗೆ ನಿಜವಾದ ಪರೀಕ್ಷೆ ಬಂತು. ನಲವತ್ತು ಕಡ್ಡಿಗಳು ಒಂದರ ಮೇಲೊಂದು, ಒಂದರ ಕೆಳಗೊಂದು ದಾಟಿ ಹೋಗಬೇಕು. ಥೇಟು ನೇಯ್ಗೆ! ಜೀವಮಾನವೆಲ್ಲ ನೇಯ್ಗೆ ನೋಡಿದವರಿಗೆ ಇದೇನು ಮಹಾ ಎಂದುಕೊಂಡರು ಭಾವ. ಸಂಜೆಗೆ ಚಕ್ರ ಸಿದ್ಧವಾಯಿತು. ಸಾಬರು ಅದನ್ನು ಒಮ್ಮೆ ತಿರುಗಿಸಿದರು. ಅದು ಕುಡಿದವನ ಹಾಗೆ ಆ ಗೋಡೆ ಈ ಗೋಡೆ ನೋಡಿತು.

“ನಿಮ್ಮ ನೇಕಾರ ಹಿಂಗೆ ನೇಯ್ಕೊಂಡು ಬಂದ್ರೆ ನೀವು ಸೀರೆ ತಗೊಂತಿದ್ರಾ?”

“ಇಲ್ಲ.”

“ಬಿಚ್ರಿ ಹಂಗಾದ್ರೆ.”

ನಾಲ್ಕು ಸಲ ಬಿಚ್ಚಿಸಿದರು. 'ಜರಾ ಬಿಗಿ, ಜರಾ ಸಡ್ಲ, ಅದಲ್ಲ ಅದರ ಪಕ್ಕದ್ದು' ಎಂದು ಕೂತಲ್ಲಿಂದಲೇ ನಡೆಸಿದರು. ಕಡ್ಡಿಗಳನ್ನು ಉಗುರಿನಿಂದ ಮೀಟಿ ಮೀಟಿ ಕೇಳಿ, “ಈ ಎರಡರ ದನಿ ಕೂಡ್ತಿಲ್ಲ, ಇದನ್ನ ಕಾಲು ಸುತ್ತು,” ಎನ್ನುತ್ತಿದ್ದರು. ಭಾವನ ಬೆರಳ ತುದಿಗಳು ಸುಲಿದು ಬಟ್ಟೆಪಟ್ಟಿ ಬಂದವು. ಅದೇ ಪಟ್ಟಿ ಕಟ್ಟಿದ ಬೆರಳಿನಿಂದ ಸೀರೆ ಮುಟ್ಟಿ ನೋಡಿ, ಒಂದೆಳೆ ಸಡಿಲವಿದ್ದರೂ, “ಇರಲಿ ಬಿಡು, ಕಷ್ಟ ಐತೆ,” ಎನ್ನತೊಡಗಿದರಂತೆ. ನೇಕಾರರ ಕೇರಿಯಲ್ಲಿ ಸಾವುಕಾರರ ಆರೋಗ್ಯದ ಬಗ್ಗೆ ಗುಸುಗುಸು ಎದ್ದಿತು ಎಂದು ಅಕ್ಕ ಹೇಳಿದಳು.

ನಾನು ಗಮನಿಸಿದ ಇನ್ನೊಂದು ವಿಷಯವಿತ್ತು. ಸಾಬರ ಶಾಪು ಬೆಳಿಗ್ಗೆ ಎಂಟಕ್ಕೇ ಪೂರ್ತಿ ತೆರೆಯತೊಡಗಿತು. ಹೊಸ ಕನ್ನಡಕ ಬಂತು. ಗಡ್ಡಕ್ಕೆ ಮೆಹಂದಿಯೂ ಬಂತು.

ಐದನೇ ವಾರ ಚಕ್ರ ತಿರುಗಿಸಿದಾಗ ಅದು ಅತ್ತಿತ್ತ ನೋಡಲಿಲ್ಲ. ಸಾಬರು ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು. ಭಾವ ಸುಮ್ಮನಿರುವವರೇ? “ಏರು ಹತ್ತಿ ನೋಡೋತಂಕ ಪರೀಕ್ಷೆ ಮುಗಿದಂಗಲ್ಲ. ನೀವೂ ಮೊಳಕಾಲ್ಮೂರಿಗೆ ಬರ್ರಿ,” ಎಂದು ಹಟ ಹಿಡಿದರು.

ಅಕ್ಕ ಹೋಳಿಗೆ ಮಾಡಿದ್ದಳು. ಊಟವಾಗಿ ಬಿಸಿಲು ಇಳಿದ ಮೇಲೆ ಏರಿನ ಕಡೆ ಹೊರಟೆವು. ಭಾವ ಸೈಕಲ್ಲು ಹತ್ತಿ, ಒಂದು ಕಾಲು ನೆಲಕ್ಕೂರಿ, ಸಾಬರಿಗೆ ಕ್ಯಾರಿಯರು ತೋರಿಸಿದರು.

“ಕೂತ್ಕಳ್ರಿ.”

“ಬಿಲ್ಕುಲ್ ಇಲ್ಲ! ಒಬ್ರೇ ಹತ್ತಿದ್ರೆ ಅದೇ ದೊಡ್ಡದು.”

“ಮೆಕ್ಯಾನಿಕ್ ಇಲ್ದೆ ನಾನು ಹೋಗಲ್ಲ. ದಾರೀಲಿ ಕೆಟ್ರೆ?”

ಸಾಬರು ಹಿಂದೆ ಕೂತರು. ಅವರ ಭಾರವಾದರೂ ಎಷ್ಟು? ಒಂದು ಚೀಲ ಕಡ್ಲೆಕಾಯಿ ಸಿಪ್ಪೆ. ಸಪಾಟಿನಲ್ಲಿ ಹಬ್ಬು ಟಿಕ್ ಟಿಕ್ ಟಿಕ್ ಎಂದು ಹೊಸ ಗಡಿಯಾರದ ಹಾಗೆ ಮಾತಾಡಿಕೊಂಡು ಹೋಯಿತು. ಏರು ಬಂತು. ಭಾವ ಹ್ಯಾಂಡಲ್ಲಿನ ಮೇಲಿನ ಗುಂಡಿ ಒತ್ತಿದರು. ಟಿಕ್ ಟಿಕ್ ನಿಂತೇಹೋಯಿತು.

“ಭಾವ! ಮುರೀತು, ಇಳೀರಿ!” ಎಂದು ಕೂಗಿದೆ.

ಕ್ಯಾರಿಯರಿನಿಂದ ಸಾಬರು ತಿರುಗಿ, “ಏ ಸುಮ್ನಿರ್ರಿ! ಏರಿನ ಗೇರಿನಾಗೆ ಅದು ಮಾತಾಡಲ್ಲ. ಮಾತು ನಿಂತೈತೆ ಅಂದ್ರೆ ಕೆಲಸ ಮಾಡ್ತೈತೆ!” ಎಂದರು.

ಸೈಕಲ್ಲು ಏರುತ್ತಿತ್ತು. ಓಡುತ್ತಿರಲಿಲ್ಲ, ಇರುವೆಯ ನಡಿಗೆ. ಪಕ್ಕದಲ್ಲಿ ನಡೆದೇ ಹೋಗಬಹುದಿತ್ತು, ಆದರೆ ಎಣ್ಣೆ ಮಿಲ್ಲಿನಲ್ಲಿ ಕೂತು ಬೆಳೆಸಿದ ನನ್ನ ಮೈಗೆ ಅದೂ ಕಷ್ಟವಾಯಿತು. ಭಾವನ ಬೆನ್ನು ಬೆವರಿ ಅಂಗಿ ಅಂಟಿಕೊಂಡಿತ್ತು. ಒಂದು ಕಡೆ ಹ್ಯಾಂಡಲ್ಲು ವಾಲಿತು, ಮತ್ತೆ ನೆಟ್ಟಗಾಯಿತು. ಸಾಬರು ಒಂದು ಕೈಯಲ್ಲಿ ಭಾವನ ಸೊಂಟ ಹಿಡಿದು ಬಗ್ಗಿ ಚಕ್ರವನ್ನೇ ನೋಡುತ್ತಿದ್ದರು. ಇಳಿಯದೆ, ಒಂದು ಸಲವೂ ಕಾಲು ನೆಲಕ್ಕೆ ಊರದೆ, ಇಬ್ಬರೂ ನೇಕಾರರ ಕೇರಿಯ ಮೊದಲ ಮನೆಯ ಮುಂದೆ ಹೋಗಿ ನಿಂತರು.

ನಾನು ಏದುಸಿರು ಬಿಡುತ್ತ ಮೇಲೆ ತಲುಪುವಷ್ಟರಲ್ಲಿ ಮಗ್ಗ ಬಿಟ್ಟು ನಾಲ್ಕು ಜನ ಹೊರಗೆ ಬಂದಿದ್ದರು. ಹಿರಿಯ ನೇಕಾರರೊಬ್ಬರು ಕೂತು, ಕಡ್ಡಿಗಳು ದಾಟಿಕೊಂಡು ಹೋಗಿದ್ದ ಬಗೆಯನ್ನು ಬೆರಳಿನಿಂದ ಹಿಂಬಾಲಿಸಿ ನೋಡುತ್ತಿದ್ದರು.

“ಒಂದೆಳೆನೂ ತಪ್ಪಿಲ್ವಲ್ಲ. ಯಾರು ಕಟ್ಟಿದ್ದು ಸಾವ್ಕಾರ್ರೆ?” ಎಂದು ಕೇಳಿದರು.

ಪಟ್ಟಿ ಸುತ್ತಿದ್ದ ಬೆರಳುಗಳನ್ನು ಭಾವ ಪಂಚೆಯ ಮಡಿಕೆಯೊಳಗೆ ಸೇರಿಸಿಕೊಂಡರು.

“ಇನ್ಯಾರು ಕಟ್ತಾರೆ? ಚಳ್ಳಕೆರೆ ಖಾದರ್ ಸಾಬ್ರು.”

ಸಾಬರು ಏನೋ ಹೇಳಲು ಬಾಯಿ ತೆರೆದರು. ಭಾವ ಅವರ ಕಡೆ ತಿರುಗಲೇ ಇಲ್ಲ. ಪಂಚೆಯೊಳಗಿನ ಕೈಯಿಂದಲೇ ಸೈಕಲ್ಲಿನ ಬೆಲ್ಲು ಒರೆಸುವುದರಲ್ಲಿ ಮುಳುಗಿಹೋಗಿದ್ದರು. ಸಾಬರು ಬಾಯಿ ಮುಚ್ಚಿಕೊಂಡು, ನಡುಗುವ ಕೈಯನ್ನು ಮೆಲ್ಲಗೆ ಚಾಚಿ, ಹಿಂದಿನ ಚಕ್ರದ ಮೇಲೆ ಇಟ್ಟರು. ತುಸು ಹೊತ್ತು ಹಾಗೇ ಇಟ್ಟುಕೊಂಡು ನಿಂತಿದ್ದರು.